ಎರಡುಪಟ್ಟು ಫಂಡ್, ಉಲ್ಟಾ ಫಂಡ್: ಒಂದೇ ದಿನದ ಕರಾರು

“ಅಮೆರಿಕಾದಾಗ ಮಾರ್ಕೆಟ್ ಒಂದು ಏರಿದ್ರ ಮೂರು ಏರೋ ಫಂಡ್ ಅದಾವಂತ. ಬಿದ್ರೂ ರೊಕ್ಕ ಮಾಡಿಕೊಡೋವೂ ಅದಾವಂತ. ನಮಗ ಸಿಗತಾವೇನ್ರೀ?” ಹುಬ್ಬಳ್ಳಿ-ಧಾರವಾಡದಲ್ಲಿ ಷೇರು ವ್ಯವಹಾರ ಮಾಡುವವರ ನಡುವೆ ಸ್ವಲ್ಪ ಹೊತ್ತು ಕೂತರೆ ಈ ಪ್ರಶ್ನೆ ಬಂದೇ ಬರುತ್ತದೆ. ಚುಟುಕಾಗಿ ಹೇಳುವುದಾದರೆ, ನಮ್ಮ ದೇಶದ ಮ್ಯೂಚುವಲ್ ಫಂಡ್‌ಗಳಲ್ಲಿ ಅಂಥದ್ದು ಸಿಗುವುದಿಲ್ಲ, ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ನಿಯಮ ಬಿಡುವುದಿಲ್ಲ. ಡಾಲರ್ ಕಳಿಸಿ ಹೊರಗೆ ಕೊಳ್ಳಲು ಮಾತ್ರ ದಾರಿ ಇದೆ. ಆದರೆ ಸಿಗುತ್ತದೋ ಇಲ್ಲವೋ ಎಂದು ಕೇಳುವ ಮೊದಲು ಆ ಫಂಡ್ ಯಾವ ಮಾತು ಕೊಡುತ್ತದೆ ಎಂದು ನೋಡಬೇಕು. ಹೆಸರಿನಲ್ಲಿ ಕಣ್ಣಿಗೆ ಬೀಳುವುದು 2 ಅಥವಾ 3 ಎಂಬ ಅಂಕಿ. ಮಾಹಿತಿ ಪತ್ರ ತೆರೆದರೆ ಆ ಅಂಕಿಯ ಪಕ್ಕ ಇನ್ನೊಂದು ಪದ ಕಾಣುತ್ತದೆ: ‘ದಿನದ’. ಸೂಚ್ಯಂಕದ ಒಂದು ದಿನದ ಏರಿಳಿತದ ಎರಡುಪಟ್ಟು ಅಥವಾ ಮೂರುಪಟ್ಟು ಕೊಡುತ್ತೇವೆ ಎನ್ನುವುದಷ್ಟೇ ಅವರ ಕರಾರು. ವಾರದ್ದಲ್ಲ, ವರ್ಷದ್ದಂತೂ ಅಲ್ಲ.

ಇದರಿಂದ ಎಷ್ಟು ಫರಕು ಬೀಳುತ್ತದೆ ಎಂಬುದಕ್ಕೆ ಲೋಕಸಭೆ ಫಲಿತಾಂಶದ ಆ ಮೂರು ದಿನಗಳೇ ಸಾಕು. 2024ರ ಮೇ 31ರಂದು ನಮ್ಮ ಷೇರುಪೇಟೆಯ ಸೂಚ್ಯಂಕ ನಿಫ್ಟಿ 22,530.70ಕ್ಕೆ ಮುಗಿದಿತ್ತು. ಮತಗಟ್ಟೆ ಸಮೀಕ್ಷೆಗಳ ಮರುದಿನದ ವಹಿವಾಟಿನಲ್ಲಿ, ಜೂನ್ 3ರಂದು, 23,263.90ಕ್ಕೆ ಏರಿತು. ಜೂನ್ 4ರಂದು ಎಣಿಕೆ ನಡೆದಾಗ 21,884.50ಕ್ಕೆ ಬಿತ್ತು. ಜೂನ್ 5ರಂದು 22,620.35ಕ್ಕೆ ಚೇತರಿಸಿಕೊಂಡಿತು. ಅಂದರೆ ಶೇ 3.25 ಏರಿಕೆ, ಶೇ 5.93 ಇಳಿಕೆ, ಮತ್ತೆ ಶೇ 3.36 ಏರಿಕೆ. ಮೂರು ದಿನ ಸೇರಿ ನಿಫ್ಟಿಗೆ ಸಿಕ್ಕಿದ್ದು ಶೇ 0.40 ಲಾಭ.

ಆಗ ನಿಫ್ಟಿ ಮೇಲೆ ಇಂಥ ಫಂಡ್‌ಗಳು ಇದ್ದವು ಎಂದುಕೊಂಡು, ಖರ್ಚು-ವೆಚ್ಚ ಏನೂ ಹಿಡಿಯದೆ ಲೆಕ್ಕ ಹಾಕೋಣ. ಎರಡುಪಟ್ಟು ಫಂಡ್‌ನಲ್ಲಿದ್ದವನು ಶೇ 0.80 ಬರಬೇಕೆಂದು ಕಾಯುತ್ತಾನೆ. ಅವನಿಗೆ ಬರುವುದು ಶೇ 0.19. ಮೂರುಪಟ್ಟಿನವನಿಗೆ ಲಾಭವೇ ಇಲ್ಲ, ಶೇ 0.66 ನಷ್ಟ. ನಿಫ್ಟಿ ಏರಿದೆ, ಏರಿದರೆ ಮೂರುಪಟ್ಟು ಕೊಡಬೇಕಾದ ಫಂಡ್ ಕೈ ಬಿಟ್ಟಿದೆ. ಹಾಗಾದರೆ ಮಂದಿ ಕಡೆ, ಅಂದರೆ ಬೆಲೆ ಇಳಿಯುತ್ತದೆ ಎಂಬ ಕಡೆ, ನಿಂತವನಾದರೂ ಗೆದ್ದನೇ? ಸೂಚ್ಯಂಕ ದಿನಕ್ಕೆ ಎಷ್ಟು ಬೀಳುತ್ತದೋ ಅಷ್ಟು ಏರುವ ಒಂದುಪಟ್ಟು ಉಲ್ಟಾ ಫಂಡ್‌ಗೆ ಶೇ 0.96 ನಷ್ಟ, ಮೂರುಪಟ್ಟು ಉಲ್ಟಾ ಫಂಡ್‌ಗೆ ಶೇ 4.4 ನಷ್ಟ. ತೇಜಿಯವನೂ ಸೋತ, ಮಂದಿಯವನೂ ಸೋತ. ಮೋಸ ಎಲ್ಲೂ ಆಗಿಲ್ಲ. ಪ್ರತಿಯೊಂದು ಫಂಡ್ ಮೂರೂ ದಿನ ತನ್ನ ದಿನದ ಮಾತನ್ನು ಚಾಚೂ ತಪ್ಪದೆ ನಡೆಸಿದೆ.

ಬ್ಯಾಡಗಿ ಮೆಣಸಿನಕಾಯಿ ಲೆಕ್ಕ

ಒಳಗೆ ಏನು ನಡೆಯುತ್ತದೆ ಎಂಬುದನ್ನು ಸೂಚ್ಯಂಕಕ್ಕಿಂತ ಕಣ್ಣಿಗೆ ಕಾಣುವ ಮಾಲಿನಲ್ಲಿ ಹೇಳುವುದು ಸುಲಭ. ಬ್ಯಾಡಗಿಯಲ್ಲಿ ಒಬ್ಬ ವ್ಯಾಪಾರಿ ಕೈಯ ರೊಕ್ಕ 1 ಲಕ್ಷ, ಕಡ ತಂದದ್ದು 1 ಲಕ್ಷ ಹಾಕಿ, ಕ್ವಿಂಟಲ್‌ಗೆ 20,000 ರೂಪಾಯಿಯಂತೆ 10 ಕ್ವಿಂಟಲ್ ಮೆಣಸಿನಕಾಯಿ ಹಿಡಿದ ಎಂದುಕೊಳ್ಳಿ. ಅಡತ್, ಹಮಾಲಿ, ಗೋದಾಮಿನ ಬಾಡಿಗೆ ಸದ್ಯಕ್ಕೆ ಬಿಡೋಣ. ಅವನು ತನಗೊಂದು ನೇಮ ಹಾಕಿಕೊಂಡಿದ್ದಾನೆ: ದಿನಾ ಸಂಜೆ ಲೆಕ್ಕ ಮುಗಿದಾಗ ಕಡ ಎಷ್ಟೋ, ತನ್ನ ಸ್ವಂತ ಗಂಟೂ ಅಷ್ಟೇ ಇರಬೇಕು. ಹೆಚ್ಚೂ ಕೂಡದು, ಕಡಿಮೆಯೂ ಕೂಡದು.

ಮರುದಿನ ಧಾರಣೆ 22,000ಕ್ಕೆ ಏರಿತು. ಮಾಲಿನ ಬೆಲೆ 2.2 ಲಕ್ಷ, ಕಡ 1 ಲಕ್ಷ, ಸ್ವಂತದ್ದು 1.2 ಲಕ್ಷ. ನೇಮದಂತೆ ಕಡವೂ 1.2 ಲಕ್ಷ ಆಗಬೇಕು. ಅದಕ್ಕೆ ಇನ್ನೂ 20,000 ಕಡ ಮಾಡಿ, ಏರಿದ ಧಾರಣೆಯಲ್ಲೇ 91 ಕೆಜಿ ಕೊಳ್ಳುತ್ತಾನೆ. ಮೂರನೇ ದಿನ ಧಾರಣೆ ಮತ್ತೆ 20,000ಕ್ಕೆ ಬಂತು. 10 ಕ್ವಿಂಟಲ್ 91 ಕೆಜಿಯ ಬೆಲೆ ಸುಮಾರು 2,18,180. ಅದರಲ್ಲಿ ಕಡ 1.2 ಲಕ್ಷ ಕಳೆದರೆ ಸ್ವಂತದ್ದು ಸುಮಾರು 98,180. ಈಗ ಕಡ ಹೆಚ್ಚಾಯಿತು. ನೇಮ ಉಳಿಸಲು 109 ಕೆಜಿಯನ್ನು ಇಳಿದ ಧಾರಣೆಯಲ್ಲಿ ಮಾರಬೇಕು. ಮೆಣಸಿನಕಾಯಿ ಹೊರಟ ಬೆಲೆಗೇ ಬಂದು ನಿಂತಿದೆ. ಅವನ ಗಂಟಿನಲ್ಲಿ 1,800 ರೂಪಾಯಿ ಚಿಲ್ಲರೆ ಕರಗಿದೆ, ಗೋದಾಮಿನಲ್ಲಿ 10 ಕ್ವಿಂಟಲ್ ಇದ್ದದ್ದು 9 ಕ್ವಿಂಟಲ್ 82 ಕೆಜಿ ಆಗಿದೆ. ಕರಗಿದ ರೊಕ್ಕ ಎಲ್ಲಿ ಹೋಯಿತು? 22,000ದಲ್ಲಿ ಕೊಂಡ ಆ 91 ಕೆಜಿ 20,000ಕ್ಕೆ ಇಳಿದದ್ದರಲ್ಲಿ. ಮೊದಲು ಬಿದ್ದು ಆಮೇಲೆ ಏರಿದ್ದರೂ ಇದೇ ಗತಿ: 18,000ದಲ್ಲಿ ಮಾರಿ ಕಡ ತೀರಿಸುತ್ತಾನೆ, 20,000 ಆದಾಗ ಕೈಯಲ್ಲಿ ಅಷ್ಟು ಮಾಲು ಇರುವುದಿಲ್ಲ. ಆಗ ನಷ್ಟ ಇನ್ನೂ ಸ್ವಲ್ಪ ಹೆಚ್ಚು, 2,222 ರೂಪಾಯಿ.

ಎರಡುಪಟ್ಟು, ಮೂರುಪಟ್ಟು ಕೊಡುವ ಲಿವರೇಜ್ಡ್ ಫಂಡ್ ಮಾಡುವುದು ಇದನ್ನೇ. ಮೆಣಸಿನಕಾಯಿಯ ಜಾಗದಲ್ಲಿ ಫ್ಯೂಚರ್ಸ್ (ವಾಯಿದೆ ಕರಾರು) ಅಥವಾ ಸೂಚ್ಯಂಕದ ಏರಿಳಿತದಷ್ಟು ಹಣ ಕೊಟ್ಟು ತೆಗೆದುಕೊಳ್ಳಲು ಬ್ಯಾಂಕುಗಳ ಜತೆ ಮಾಡಿಕೊಂಡ ಸ್ವಾಪ್ ಕರಾರು ಇರುತ್ತದೆ, ಸಂಜೆಯ ಲೆಕ್ಕ ಮಾರುಕಟ್ಟೆ ಮುಚ್ಚುವ ಹೊತ್ತಿಗೆ ನಡೆಯುತ್ತದೆ. ಏರಿದ ದಿನ ಕೊಳ್ಳಲೇಬೇಕು, ಬಿದ್ದ ದಿನ ಮಾರಲೇಬೇಕು. ಫಂಡ್ ನಡೆಸುವವರ ಜಾಣತನಕ್ಕೆ ಇಲ್ಲಿ ಜಾಗವೇ ಇಲ್ಲ.

ಉಲ್ಟಾ ಫಂಡ್‌ನಲ್ಲಿ ಬಹಳ ಜನ ಎಡವುವುದು ಇಲ್ಲೇ. ಸಾಲವೇ ಇಲ್ಲದ ಒಂದುಪಟ್ಟು ಉಲ್ಟಾ ಫಂಡ್‌ಗೆ ಈ ಕಾಟ ಇರಲಿಕ್ಕಿಲ್ಲ ಎಂದು ಅನಿಸುತ್ತದೆ. ಇದೆ, ಎರಡುಪಟ್ಟು ಫಂಡ್‌ಗೆ ಇರುವಷ್ಟೇ ಇದೆ. 1 ಲಕ್ಷದ ಗಂಟಿನ ಮೇಲೆ 1 ಲಕ್ಷದ ಮಾಲನ್ನು ವಾಯಿದೆಯಲ್ಲಿ ಮಾರಿದವನಿಗೆ ಬೆಲೆ ಶೇ 10 ಏರಿದರೆ ಗಂಟು 90,000ಕ್ಕೆ ಇಳಿಯುತ್ತದೆ, ಮಾರಿದ್ದರ ಬೆಲೆ 1.1 ಲಕ್ಷಕ್ಕೆ ಏರುತ್ತದೆ. ಎರಡನ್ನೂ ಸಮ ಮಾಡಲು 20,000 ರೂಪಾಯಿಯ ಮಾಲನ್ನು ಏರಿದ ಬೆಲೆಯಲ್ಲಿ ವಾಪಸು ಕೊಳ್ಳಬೇಕು. ಎರಡುಪಟ್ಟಿನ ವ್ಯಾಪಾರಿಯೂ 20,000 ರೂಪಾಯಿಯದ್ದನ್ನೇ ಕೊಂಡಿದ್ದ. ಸೂತ್ರ ಸರಳ: ಪಟ್ಟನ್ನು, ಪಟ್ಟಿನಿಂದ ಒಂದು ಕಳೆದರೆ ಬರುವ ಸಂಖ್ಯೆಯಿಂದ ಗುಣಿಸಿ. 2ಕ್ಕೆ 2×1, ಅಂದರೆ 2. ಉಲ್ಟಾ ಒಂದಕ್ಕೆ (−1)×(−2), ಅದೂ 2. ಮೂರುಪಟ್ಟಿಗೆ 6, ಉಲ್ಟಾ ಎರಡುಪಟ್ಟಿಗೂ 6. ಈ ಸಂಖ್ಯೆಯನ್ನು ಸೂಚ್ಯಂಕದ ಆ ದಿನದ ಶೇಕಡಾ ಬದಲಾವಣೆಯಿಂದ, ಮತ್ತೆ ಫಂಡ್‌ನ ಗಾತ್ರದಿಂದ ಗುಣಿಸಿದರೆ ಸಂಜೆ ಎಷ್ಟು ಕೊಳ್ಳಬೇಕು ಅಥವಾ ಮಾರಬೇಕು ಎಂಬುದು ಸಿಗುತ್ತದೆ. 100 ಕೋಟಿಯ ಮೂರುಪಟ್ಟು ಫಂಡ್, ಸೂಚ್ಯಂಕ ಶೇ 5 ಏರಿದ ದಿನ 30 ಕೋಟಿಯದ್ದನ್ನು ಕೊಳ್ಳಬೇಕಾಗುತ್ತದೆ.

ವರ್ಷಕ್ಕೆ ಇದು ಎಷ್ಟು ತಿನ್ನುತ್ತದೆ? ಮೇಲಿನ ಸಂಖ್ಯೆಯ ಅರ್ಧವನ್ನು ಸೂಚ್ಯಂಕದ ವಾರ್ಷಿಕ ಏರಿಳಿತದ, ಅಂದರೆ ಅದು ವರ್ಷದಲ್ಲಿ ಎಷ್ಟು ಹೊಯ್ದಾಡುತ್ತದೆ ಎಂಬ ಅಳತೆಯ, ವರ್ಗದಿಂದ ಗುಣಿಸಿದರೆ ಹತ್ತಿರದ ಅಂದಾಜು ಬರುತ್ತದೆ. ಏರಿಳಿತ ಶೇ 16 ಎಂದು ಹಿಡಿದರೆ ವರ್ಗ (0.16×0.16) 0.0256. ವರ್ಷದ ಕೊನೆಗೆ ಸೂಚ್ಯಂಕ ಹೊರಟಲ್ಲೇ ನಿಂತಿದ್ದರೆ ಎರಡುಪಟ್ಟು ಫಂಡ್ ಸುಮಾರು ಶೇ 2.5, ಮೂರುಪಟ್ಟು ಫಂಡ್ ಸುಮಾರು ಶೇ 7.4 ಕಳೆದುಕೊಂಡಿರುತ್ತದೆ. ಇದೇ ಲೆಕ್ಕವನ್ನು ಶೇ 40 ಏರಿಳಿತದ ಒಂದೇ ಕಂಪನಿಯ ಷೇರಿಗೆ ಹಚ್ಚಿ ನೋಡಿ: ಷೇರು ಇದ್ದಲ್ಲೇ ಇದೆ, ಎರಡುಪಟ್ಟಿನವನ ಗಂಟು ಶೇ 15ರಷ್ಟು, ಮೂರುಪಟ್ಟಿನವನದು ಶೇ 38ರಷ್ಟು ಸವೆದಿದೆ. ಅಮೆರಿಕದಲ್ಲಿ 2022ರ ಜುಲೈನಿಂದ ಒಂದೊಂದೇ ಷೇರಿನ ಮೇಲೂ ಇಂಥ ಫಂಡ್‌ಗಳು ಬಂದಿವೆ. ಏರಿಳಿತದ ವರ್ಗ ಎಂಬ ಮಾತು ಆ ಫಂಡ್‌ಗಳನ್ನು ಕೊಳ್ಳುವವರ ತಲೆಯಲ್ಲಿ ಮೊದಲು ಇರಬೇಕು.

ನ್ಯಾಯವಾಗಿ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಮಾರುಕಟ್ಟೆ ಒಂದೇ ದಿಕ್ಕಿಗೆ ನಡೆದರೆ ಇದೇ ನೇಮ ಕೈ ಹಿಡಿಯುತ್ತದೆ. ದಿನಕ್ಕೆ ಶೇ 1ರಂತೆ ಹತ್ತು ದಿನ ಏರಿದರೆ ಸೂಚ್ಯಂಕಕ್ಕೆ ಶೇ 10.5, ಎರಡುಪಟ್ಟು ಫಂಡ್‌ಗೆ ಶೇ 21.9, ಎರಡರಿಂದ ಗುಣಿಸಿದ್ದಕ್ಕಿಂತ ಸುಮಾರು ಒಂದು ಶೇಕಡಾ ಅಂಶ ಹೆಚ್ಚು. ಅಮೆರಿಕದಲ್ಲಿ ತೇಜಿಯ ವರ್ಷಗಳಲ್ಲಿ ಈ ಫಂಡ್‌ಗಳು ತೋರಿಸಿದ ಬೆಳವಣಿಗೆಯ ಗುಟ್ಟು ಇದು. ಬೆನ್ನಿಗೇ 2022 ಬಂತು: ನ್ಯಾಸ್ಡಾಕ್-100 ಸುಮಾರು ಮೂರನೇ ಒಂದು ಪಾಲು ಕಳೆದುಕೊಂಡ ಆ ವರ್ಷ, ಅದರ ಮೂರುಪಟ್ಟು ಫಂಡ್ ಆದ ಟಿಕ್ಯೂಕ್ಯೂಕ್ಯೂ ಸುಮಾರು ಶೇ 79 ಬಿತ್ತು. ಮೂರನೇ ಒಂದು ಪಾಲು ಬಿದ್ದದ್ದು ಮೊದಲಿನ ಮಟ್ಟ ಮುಟ್ಟಲು ಶೇ 50 ಏರಿದರೆ ಸಾಕು. ಶೇ 79 ಬಿದ್ದದ್ದಕ್ಕೆ ಶೇ 376 ಏರಬೇಕು.

ಬ್ರೋಕರ್ ಸಾಲಕ್ಕೂ ಇದಕ್ಕೂ ಏನು ಫರಕು

ನಮ್ಮಲ್ಲಿ ಎರಡುಪಟ್ಟು ಫಂಡ್ ಇಲ್ಲ, ಆದರೆ ಎರಡುಪಟ್ಟು ಕೊಳ್ಳುವ ಸೌಲಭ್ಯ ಪ್ರತಿ ಮೊಬೈಲ್‌ನಲ್ಲಿ ಇದೆ. ಅದರ ಹೆಸರು ಎಂಟಿಎಫ್, ಮಾರ್ಜಿನ್ ಟ್ರೇಡಿಂಗ್ ಫೆಸಿಲಿಟಿ. ಬ್ರೋಕರ್ ಸಾಲ ಕೊಡುತ್ತಾನೆ, ಕೊಂಡ ಷೇರು ಅವನಲ್ಲೇ ಒತ್ತೆ ಇರುತ್ತದೆ, ಬಡ್ಡಿ ದಿನದ ಲೆಕ್ಕದಲ್ಲಿ ಓಡುತ್ತದೆ. ವರ್ಷಕ್ಕೆ ಶೇ 12 ಎಂದರೆ 1 ಲಕ್ಷಕ್ಕೆ ದಿನಕ್ಕೆ ಸುಮಾರು 33 ರೂಪಾಯಿ, ಶನಿವಾರ ಭಾನುವಾರವೂ ಸೇರಿ. ಬ್ರೋಕರ್ ಒತ್ತೆಗೆ ಒಪ್ಪಿಗೆ ಕೇಳಿದಾಗ ಹೇಳಿದ ಹೊತ್ತಿನೊಳಗೆ ಕೊಡದಿದ್ದರೆ ಷೇರು ಮಾರಿಹೋಗಬಹುದು. 

ಇವೆರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ದಿನದ ಲೆಕ್ಕದ ನಿಜವಾದ ಬೆಲೆ ತಿಳಿಯುತ್ತದೆ. ಇಬ್ಬರ ಬಳಿಯೂ ಸ್ವಂತ 1 ಲಕ್ಷ. ಒಬ್ಬ ಎಂಟಿಎಫ್‌ನಲ್ಲಿ 1 ಲಕ್ಷ ಸಾಲ ಸೇರಿಸಿ 2 ಲಕ್ಷದ್ದು ಕೊಂಡ, ಇನ್ನೊಬ್ಬ ಎರಡುಪಟ್ಟು ಫಂಡ್ ಕೊಂಡ. ಲೆಕ್ಕ ಸುಲಭವಾಗಲೆಂದು ಒಂದೇ ದಿನ ಶೇ 20 ಬಿತ್ತು ಎನ್ನೋಣ. ಇಬ್ಬರ ಕೈಯಲ್ಲೂ 60,000 ಉಳಿಯುತ್ತದೆ. ಮರುದಿನ ಬೆಲೆ ಶೇ 25 ಏರಿ ಮೊದಲಿನ ಮಟ್ಟಕ್ಕೆ ಬಂದರೆ ಎಂಟಿಎಫ್‌ನವನ 1.6 ಲಕ್ಷ ಮತ್ತೆ 2 ಲಕ್ಷ ಆಗುತ್ತದೆ, ಬಡ್ಡಿ ಬಿಟ್ಟರೆ ಅವನಿಗೆ ಏನೂ ನಷ್ಟವಿಲ್ಲ. ಫಂಡ್‌ನವನಿಗೆ ಬರುವುದು 90,000. ಸಂಜೆ ಮಾರಿದ್ದಕ್ಕೆ ತೆತ್ತದ್ದು 10,000.

ಈಗ ಬೇರೆ ದಾರಿ ಹಿಡಿಯೋಣ. ಎರಡನೇ ದಿನವೂ ಶೇ 20 ಬಿತ್ತು, ಮೂರನೇ ದಿನವೂ ಶೇ 20 ಬಿತ್ತು. ಎಂಟಿಎಫ್‌ನವನ ಮಾಲು 1.28 ಲಕ್ಷ, ಆಮೇಲೆ 1,02,400. ಸಾಲ 1 ಲಕ್ಷ ಹಾಗೇ ನಿಂತಿದೆ. ಸ್ವಂತದ್ದು 28,000, ಆಮೇಲೆ 2,400. ವಾಸ್ತವದಲ್ಲಿ ಮೂರನೇ ದಿನದವರೆಗೂ ಅವನನ್ನು ಬಿಡುವುದಿಲ್ಲ. ಮಾರ್ಜಿನ್ ತುಂಬಿ ಎಂಬ ಸಂದೇಶ ಬರುತ್ತದೆ, ತುಂಬದಿದ್ದರೆ ಬ್ರೋಕರ್ ತಳದ ಬೆಲೆಗೇ ಮಾರುತ್ತಾನೆ. ಫಂಡ್‌ನವನ ಬಳಿ 36,000, ಆಮೇಲೆ 21,600 ಇದೆ. ಅವನಿಗೆ ಫೋನ್ ಬಂದಿಲ್ಲ, ಮನೆಯಿಂದ ರೊಕ್ಕ ತಂದು ಹಾಕುವ ಪ್ರಸಂಗವೂ ಬಂದಿಲ್ಲ. ಹಾಕಿದ್ದಕ್ಕಿಂತ ಹೆಚ್ಚು ಕಳೆದುಕೊಳ್ಳುವ ದಾರಿಯೇ ಅವನಿಗಿಲ್ಲ.

ಅಂದರೆ ದಿನದ ಲೆಕ್ಕ ಒಂದು ವಿಮೆ ಇದ್ದಂತೆ. ಬೀಳುತ್ತಾ ಹೋದಾಗ ಸಾಲವನ್ನು ತಾನೇ ಇಳಿಸಿ ಪೂರ್ತಿ ಮುಳುಗದಂತೆ ತಡೆಯುತ್ತದೆ, ಏರಿಳಿತದ ದಿನಗಳಲ್ಲಿ ಅದರ ಕಂತು ಕಟ್ಟಿಸಿಕೊಳ್ಳುತ್ತದೆ. ಈ ಫಂಡ್‌ಗಳನ್ನು ಬೈಯುವವರು ಕಂತನ್ನು ಮಾತ್ರ ನೋಡುತ್ತಾರೆ, ಹೊಗಳುವವರು ಏರಿದ ವರ್ಷಗಳನ್ನು ಮಾತ್ರ. ಎರಡೂ ಅರ್ಧ ಲೆಕ್ಕ.

ನಮ್ಮ ನಿಯಮದ ಒಂದು ವಿಚಿತ್ರವೂ ಇಲ್ಲೇ ಇದೆ. ನಷ್ಟಕ್ಕೆ ತಳ ಇರುವ ಫಂಡ್ ಮುಚ್ಚಿದ ಬಾಗಿಲು. ತಳವಿಲ್ಲದ ಫ್ಯೂಚರ್ಸ್, ಆಪ್ಷನ್ ಮಾರಾಟ ತೆರೆದ ಬಾಗಿಲು. ತಳವಿಲ್ಲ ಎಂಬುದು ಬರೀ ಮಾತಲ್ಲ. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾತೈಲದ ಫ್ಯೂಚರ್ಸ್ ಬೆಲೆ ಸೊನ್ನೆಯ ಕೆಳಗೆ, −37.63 ಡಾಲರ್‌ಗೆ ಇಳಿಯಿತು. ನಮ್ಮ ಸರಕು ಎಕ್ಸ್‌ಚೇಂಜ್ ಆದ ಎಂಸಿಎಕ್ಸ್‌ನಲ್ಲಿ ಆ ತಿಂಗಳ ಕರಾರು ಬ್ಯಾರಲ್‌ಗೆ −2,884 ರೂಪಾಯಿಯಲ್ಲಿ ಚುಕ್ತಾ ಆಯಿತು. ಕೊಂಡಿದ್ದವರು ಹಾಕಿದ್ದನ್ನೆಲ್ಲ ಕಳೆದುಕೊಂಡು ಅದರ ಮೇಲೂ ಕೊಡಬೇಕಾಯಿತು. ಷೇರಿನ ಫ್ಯೂಚರ್ಸ್-ಆಪ್ಷನ್ ಕುರಿತು ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ಅಂಕಿ ಇನ್ನೂ ಖಾರ: ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ವಹಿವಾಟು ಮಾಡಿದ ವ್ಯಕ್ತಿಗಳ ಪೈಕಿ ಶೇ 93 ಮಂದಿಗೆ ನಷ್ಟ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿದ್ದು. 2024-25ರಲ್ಲೂ ಶೇ 91 ಮಂದಿ ಸೋತರು. ಸೆಬಿ ಕರಾರಿನ ಕನಿಷ್ಠ ಗಾತ್ರವನ್ನು 15 ಲಕ್ಷಕ್ಕೆ ಏರಿಸಿದ್ದು, ವಾರಕ್ಕೊಮ್ಮೆ ಮುಗಿಯುವ ಕರಾರು ಒಂದು ಎಕ್ಸ್‌ಚೇಂಜ್‌ಗೆ ಒಂದೇ ಸೂಚ್ಯಂಕದ್ದು ಎಂದದ್ದು 2024ರ ಆ ಅಂಕಿಗಳ ಬೆನ್ನಿಗೇ. ಆದರೂ ಬಾಗಿಲು ತೆರೆದೇ ಇದೆ.

ಇಲ್ಲಿ ಯಾಕೆ ಸಿಗುವುದಿಲ್ಲ

ಮ್ಯೂಚುವಲ್ ಫಂಡ್ ಒಂದು ಷೇರು, ಸಾಲಪತ್ರ, ಡಿರೈವೇಟಿವ್ (ಫ್ಯೂಚರ್ಸ್, ಆಪ್ಷನ್‌ನಂಥ ಕರಾರು) ಎಲ್ಲ ಸೇರಿಸಿ ತನ್ನ ಆಸ್ತಿಯ ಶೇ 100 ಮೀರುವಂತಿಲ್ಲ ಎಂದು ಸೆಬಿ 2010ರಲ್ಲೇ ಕಟ್ಟು ಹಾಕಿದೆ. ಫಂಡ್ ಸಾಲ ತರಬಹುದು, ಆದರೆ ಹೂಡಿಕೆದಾರರು ಹಣ ವಾಪಸು ಕೇಳಿದಾಗ ಕೊಡುವಂಥ ತಾತ್ಕಾಲಿಕ ಅಗತ್ಯಕ್ಕೆ ಮಾತ್ರ. ಆಸ್ತಿಯ ಶೇ 20ರೊಳಗೆ, ಆರು ತಿಂಗಳೊಳಗೆ. ಎರಡುಪಟ್ಟು ಫಂಡ್‌ಗೆ ಶೇ 200 ಬೇಕು. ಕತೆ ಅಲ್ಲಿಗೇ ಮುಗಿಯಿತು. ಅಚ್ಚರಿಯೆಂದರೆ ಅಳತೆಗೋಲು ತಯಾರಾಗಿದೆ: ನಿಫ್ಟಿ-50ರ ಎರಡುಪಟ್ಟು ಲಿವರೇಜ್ ಸೂಚ್ಯಂಕ, ಒಂದುಪಟ್ಟು ಇನ್ವರ್ಸ್ (ಉಲ್ಟಾ) ಸೂಚ್ಯಂಕ ಎರಡನ್ನೂ ಎನ್‌ಎಸ್‌ಇ ಇಂಡೈಸಸ್ ಪ್ರಕಟಿಸುತ್ತದೆ. ಕುತೂಹಲ ಇದ್ದವರು ಅದರ ಅಂಕಿಗಳನ್ನು ನಿಫ್ಟಿಯ ಪಕ್ಕದಲ್ಲಿಟ್ಟು ಸವಕಳಿಯನ್ನು ತಾವೇ ಅಳೆಯಬಹುದು, ಒಂದು ಪೈಸೆ ಹಾಕದೆ. ಯಾವ ಪುಸ್ತಕಕ್ಕಿಂತ ಅದು ಚೆನ್ನಾಗಿ ಕಲಿಸುತ್ತದೆ.

ಬಾಗಿಲು ಸ್ವಲ್ಪ ಸಡಿಲಾದದ್ದು 2025ರಲ್ಲಿ. ಮ್ಯೂಚುವಲ್ ಫಂಡ್‌ಗೂ, ದೊಡ್ಡ ಹೂಡಿಕೆದಾರರ ಹಣವನ್ನು ಬೇರೆ ಬೇರೆಯಾಗಿ ನೋಡಿಕೊಳ್ಳುವ ಪಿಎಂಎಸ್‌ಗೂ ನಡುವೆ ಒಂದು ಹೊಸ ವರ್ಗ ಬೇಕೆಂದು ಸೆಬಿ 2024ರ ಜುಲೈನಲ್ಲಿ ಸಮಾಲೋಚನಾ ಪತ್ರ ಹೊರಡಿಸಿದಾಗ ಅದರಲ್ಲಿ ಇನ್ವರ್ಸ್ ಇಟಿಎಫ್ (ಎಕ್ಸ್‌ಚೇಂಜ್‌ನಲ್ಲಿ ಷೇರಿನಂತೆ ಕೊಳ್ಳುವ ಉಲ್ಟಾ ಫಂಡ್) ಹೆಸರೂ ಉದಾಹರಣೆಯಾಗಿ ಬಂದಿತ್ತು. 2025ರ ಏಪ್ರಿಲ್ 1ರಿಂದ ಜಾರಿಯಾದ ಸ್ಪೆಷಲೈಸ್ಡ್ ಇನ್ವೆಸ್ಟ್‌ಮೆಂಟ್ ಫಂಡ್, ಅಂದರೆ ಎಸ್‌ಐಎಫ್‌ನ ಏಳು ಬಗೆಗಳಲ್ಲಿ ಅದಿಲ್ಲ. ಸಿಕ್ಕಿದ್ದು ಏರುವುದರ ಮೇಲೂ ಬೀಳುವುದರ ಮೇಲೂ ನಿಲ್ಲುವ ಲಾಂಗ್-ಶಾರ್ಟ್ ಬಗೆಗಳು. ಕೈಯಲ್ಲಿ ಮಾಲಿಲ್ಲದೆ ಮಂದಿ ಮೇಲೆ ನಿಲ್ಲುವುದಕ್ಕೆ ಇವುಗಳಿಗೆ ಆಸ್ತಿಯ ಶೇ 25ರವರೆಗೆ ಅನುಮತಿ ಇದೆ. ಒಂದು ಫಂಡ್ ಸಂಸ್ಥೆಯ ಎಲ್ಲ ಎಸ್‌ಐಎಫ್ ಸೇರಿ ಒಂದು ಪ್ಯಾನ್‌ಗೆ ಕನಿಷ್ಠ 10 ಲಕ್ಷ ರೂಪಾಯಿ ಹಾಕಬೇಕು. ಮಾರುಕಟ್ಟೆ ಬಿದ್ದು 10 ಲಕ್ಷ 9 ಲಕ್ಷವಾದರೆ ತಪ್ಪಲ್ಲ. ನೀವೇ ತೆಗೆದು ಅದರ ಕೆಳಗೆ ಇಳಿಸುವಂತಿಲ್ಲ. ಹಣ ವಾಪಸು ಪಡೆಯಲು 15 ಕೆಲಸದ ದಿನಗಳವರೆಗೆ ಮುಂಗಡ ಸೂಚನೆ ಕೇಳಬಹುದು, ಆದ್ದರಿಂದ ಬಿತ್ತನೆಗೋ ಮಗಳ ಮದುವೆಗೋ ತೆಗೆದಿಟ್ಟ ರೊಕ್ಕದ ಜಾಗ ಇದಲ್ಲ. 2025ರ ನಿಯಮದಂತೆ ಇದನ್ನು ಮಾರುವ ಏಜೆಂಟ್ ಸೆಬಿ ಕಟ್ಟಿದ ತರಬೇತಿ ಸಂಸ್ಥೆ ಎನ್‌ಐಎಸ್‌ಎಂನ ಡಿರೈವೇಟಿವ್ ಪರೀಕ್ಷೆ, 13ನೇ ಸರಣಿ, ಪಾಸಾಗಿರಬೇಕು. ಗದಗವಾಗಲಿ ಹಾವೇರಿಯಾಗಲಿ, ಮನೆಗೆ ಬಂದು ಎಸ್‌ಐಎಫ್ ಹೇಳುವವರ ಹತ್ತಿರ ಆ ಪ್ರಮಾಣಪತ್ರ ಕೇಳುವುದು ನಿಮ್ಮ ಹಕ್ಕು.

ಹೊರದೇಶಗಳೂ ಈ ವಿಷಯದಲ್ಲಿ ಒಂದೇ ಮನಸ್ಸಿನವಲ್ಲ. ಅಮೆರಿಕದಲ್ಲಿ 2006ರಲ್ಲಿ ಎರಡುಪಟ್ಟು, 2008ರಲ್ಲಿ ಮೂರುಪಟ್ಟು ಫಂಡ್ ಬಂದವು. 2009ರ ಜೂನ್‌ನಲ್ಲೇ ಅಲ್ಲಿನ ಬ್ರೋಕರ್‌ಗಳ ನಿಯಂತ್ರಕ ಸಂಸ್ಥೆ ಫಿನ್ರಾ, ದಿನದ ಲೆಕ್ಕದ ಈ ಫಂಡ್‌ಗಳು ಒಂದು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವ ಸಾಮಾನ್ಯ ಹೂಡಿಕೆದಾರರಿಗೆ ಹೊಂದುವುದಿಲ್ಲ ಎಂದು ಬರೆದು ಎಚ್ಚರಿಸಿತು. ಕೊಳ್ಳುವವನ ತಿಳಿವಳಿಕೆಯನ್ನು ಬ್ರೋಕರ್ ಮೊದಲೇ ಪರೀಕ್ಷಿಸಬೇಕು ಎಂಬ ಪ್ರಸ್ತಾಪ 2019ರಲ್ಲಿ ಬಂದು, 2020ರ ಅಂತಿಮ ನಿಯಮದಲ್ಲಿ ಬಿದ್ದುಹೋಯಿತು. ದಕ್ಷಿಣ ಕೊರಿಯಾ ನಡುದಾರಿ ಹಿಡಿದಿದೆ: ಆನ್‌ಲೈನ್ ಪಾಠ ಮುಗಿಸಬೇಕು, ಖಾತೆಯಲ್ಲಿ 1 ಕೋಟಿ ವಾನ್ ಠೇವಣಿ ಇರಬೇಕು. ನಮ್ಮಲ್ಲೂ ಆಪ್ಷನ್‌ಗೆ ಬಾಗಿಲು ತೆರೆದು ಇದಕ್ಕೆ ಬೀಗ ಹಾಕುವ ಬದಲು, ಎರಡಕ್ಕೂ ಇಂಥ ಪಾಠದ ಕಟ್ಟು ಹಾಕುವುದು ಹೆಚ್ಚು ಸರಿ.

ಡಾಲರ್ ದಾರಿ

ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಡಿ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಹೊರದೇಶದ ಎಕ್ಸ್‌ಚೇಂಜ್‌ಗೆ ಮಾರ್ಜಿನ್ ಹಣ ಕಳಿಸುವುದಕ್ಕೆ ಅದರಲ್ಲಿ ನಿಷೇಧವಿದೆ. ಪೂರ್ತಿ ಹಣ ಕೊಟ್ಟು ಅಲ್ಲಿ ಲಿಸ್ಟ್ ಆದ ಇಟಿಎಫ್ ಕೊಳ್ಳುವುದು ಬೇರೆ ಮಾತು. ಆದರೂ ಭಾರತೀಯರಿಗೆ ಸೇವೆ ಕೊಡುವ ಕೆಲವು ಆ್ಯಪ್‌ಗಳು ಲಿವರೇಜ್ಡ್ ಫಂಡ್‌ಗಳನ್ನು ಪಟ್ಟಿಯಿಂದಲೇ ತೆಗೆದಿರುತ್ತವೆ. ರೊಕ್ಕ ಕಳಿಸಿದ ಮೇಲೆ ಅಲ್ಲ, ಖಾತೆ ತೆರೆಯುವ ಮೊದಲೇ ಕೇಳಿಕೊಳ್ಳಿ. ಕಳಿಸಿದ ಹಣವನ್ನು 180 ದಿನ ಮೀರಿ ಸುಮ್ಮನೆ ಬಿಡುವಂತಿಲ್ಲ, ಹೂಡಬೇಕು ಇಲ್ಲವೇ ವಾಪಸು ತರಬೇಕು.

ಬ್ಯಾಂಕಿನಲ್ಲಿ ಹಣ ಕಳಿಸುವ ಕಾರಣ ಬರೆಯುವ ಎ2 ಫಾರ್ಮ್ ಮತ್ತು ಪ್ಯಾನ್, ಬ್ರೋಕರ್ ಕಡೆ ತಾನು ಅಮೆರಿಕದವನಲ್ಲ ಎಂದು ಹೇಳುವ ಡಬ್ಲ್ಯು-8 ಬೆನ್ ಫಾರ್ಮ್ ಕೊಡಬೇಕು. ವರ್ಷಕ್ಕೆ 10 ಲಕ್ಷ ಮೀರಿ ಹೂಡಿಕೆಗೆ ಕಳಿಸಿದರೆ ಮೀರಿದ ಭಾಗಕ್ಕೆ ಶೇ 20 ಟಿಸಿಎಸ್, ಅಂದರೆ ಬ್ಯಾಂಕೇ ಮುಂಗಡವಾಗಿ ವಸೂಲು ಮಾಡುವ ತೆರಿಗೆ. ರಿಟರ್ನ್ ಹಾಕಿದಾಗ ಹೊಂದಾಣಿಕೆ ಆಗುತ್ತದೆ, ಅಲ್ಲಿಯವರೆಗೆ ಆ ರೊಕ್ಕ ಕೈಗೆ ಸಿಗದು. ಸಣ್ಣ ಮೊತ್ತಕ್ಕೆ ನಿಜವಾದ ಹೊಡೆತ ಕಳಿಸುವ ಖರ್ಚಿನದು: ಶುಲ್ಕ 1,000 ರೂಪಾಯಿ ಎಂದು ಹಿಡಿದರೂ 20,000ಕ್ಕೆ ಅದು ಶೇ 5 ಆಯಿತು, ಡಾಲರ್ ದರದಲ್ಲಿ ಬ್ಯಾಂಕ್ ಇಟ್ಟುಕೊಳ್ಳುವ ಅಂತರ ಬೇರೆ. ದಿನದ ಲೆಕ್ಕದ ಫಂಡ್‌ನಲ್ಲಿ ಒಂದೆರಡು ದಿನಕ್ಕೆ ಹೋಗಿ ಬರುವವನಿಗೆ ಈ ಖರ್ಚೇ ಲಾಭ ನುಂಗುತ್ತದೆ; ಖರ್ಚು ಹರಡಲೆಂದು ಹೆಚ್ಚು ದಿನ ಇಟ್ಟರೆ ಸವಕಳಿ ಶುರುವಾಗುತ್ತದೆ. ಈ ದಾರಿಯ ದೊಡ್ಡ ತೊಡಕು ಇದು.

ತೆರಿಗೆಯಲ್ಲಿ ಮೂರು ಮಾತು ಮರೆಯಬಾರದು. 24 ತಿಂಗಳೊಳಗೆ ಮಾರಿದರೆ ಲಾಭ ನಿಮ್ಮ ಆದಾಯಕ್ಕೆ ಸೇರಿ ಸ್ಲ್ಯಾಬ್ ದರ ಬೀಳುತ್ತದೆ, ಆಮೇಲೆ ಮಾರಿದರೆ ಶೇ 12.5. ರಿಟರ್ನ್‌ನ ಶೆಡ್ಯೂಲ್ ಎಫ್‌ಎಯಲ್ಲಿ ಹೊರದೇಶದ ಆಸ್ತಿ ತೋರಿಸಲೇಬೇಕು, ಅದೂ ಜನವರಿಯಿಂದ ಡಿಸೆಂಬರ್ ಲೆಕ್ಕದಲ್ಲಿ, ನಷ್ಟವಾಗಿದ್ದರೂ ತೋರಿಸಬೇಕು. ಮತ್ತು ಅಮೆರಿಕದಲ್ಲಿರುವ ಆಸ್ತಿ 60,000 ಡಾಲರ್ ಮೀರಿದ್ದಾಗ ಹೂಡಿಕೆದಾರ ತೀರಿಕೊಂಡರೆ ಅಲ್ಲಿನ ಎಸ್ಟೇಟ್ ತೆರಿಗೆ ವಾರಸುದಾರರ ಮೇಲೆ ಬರುತ್ತದೆ.

ಫಂಡ್‌ನ ಖರ್ಚು ಎಂದರೆ ಕಾಗದದಲ್ಲಿ ಕಾಣುವ ಶೇ 1ರ ಆಸುಪಾಸಿನ ನಿರ್ವಹಣಾ ಶುಲ್ಕ ಮಾತ್ರ ಅಲ್ಲ. ಸ್ವಾಪ್ ಕರಾರಿನೊಳಗೆ ಸಾಲದ ಬಡ್ಡಿ ಅಡಗಿ ಕೂತಿರುತ್ತದೆ. ಡಾಲರ್ ಬಡ್ಡಿ ಶೇ 5 ಇದ್ದಾಗ, ಸ್ವಂತದ ಎರಡರಷ್ಟು ಸಾಲ ಹೊತ್ತ ಮೂರುಪಟ್ಟು ಫಂಡ್ ವರ್ಷಕ್ಕೆ ಸುಮಾರು ಶೇ 10ನ್ನು ಬಡ್ಡಿಗೇ ಕೊಡುತ್ತದೆ.

ಹೊತ್ತಿನ ತೊಂದರೆಯೂ ಇದೆ. ಅಲ್ಲಿನ ಬೇಸಿಗೆಯಲ್ಲಿ ಮಾರುಕಟ್ಟೆ ನಮ್ಮ ಸಂಜೆ 7ರಿಂದ ನಡುರಾತ್ರಿ 1.30ರವರೆಗೆ, ಚಳಿಗಾಲದಲ್ಲಿ 8ರಿಂದ 2.30ರವರೆಗೆ. ದಿನದ ಲೆಕ್ಕ ಮುಗಿಯುವ ಕೊನೆಯ ಅರ್ಧ ಗಂಟೆಯಲ್ಲಿ ಹುಬ್ಬಳ್ಳಿ ಮಲಗಿರುತ್ತದೆ. ಬೆಲೆ ನಮೂದಿಸಿದ ಲಿಮಿಟ್ ಆರ್ಡರ್ ಬಿಟ್ಟು ಬೇರೆ ಆರ್ಡರ್ ಹಾಕಬಾರದು. ಹಳೆಯ ಚಾರ್ಟ್ ನೋಡಿ ಮರುಳಾಗಲೂಬಾರದು: ಸವೆದು ಸವೆದು ಬೆಲೆ ತೀರಾ ಕೆಳಗಿಳಿದಾಗ ಹತ್ತು ಯೂನಿಟ್ ಸೇರಿಸಿ ಒಂದು ಮಾಡುವ ರಿವರ್ಸ್ ಸ್ಪ್ಲಿಟ್ ನಡೆಯುತ್ತದೆ. ಕೆಲವು ವರ್ಷಗಳ ಹಿಂದೆ ಸಾವಿರಾರು ಡಾಲರ್ ಇತ್ತು, ಈಗ ಇಪ್ಪತ್ತಕ್ಕೆ ಸಿಗುತ್ತಿದೆ ಎಂದು ಕಾಣುವುದು ಅಗ್ಗದ ಮಾಲಲ್ಲ, ಸವಕಳಿಯ ಗುರುತು.

ಹೆಸರಿನಲ್ಲಿ ಇಟಿಎಫ್ ಇದೆಯೋ ಇಟಿಎನ್ ಇದೆಯೋ ನೋಡುವುದೂ ಮುಖ್ಯ. ಇಟಿಎನ್ ಎಂದರೆ ಬ್ಯಾಂಕ್ ಬರೆದುಕೊಟ್ಟ ಸಾಲಪತ್ರ, ಮುಗಿಸುವ ಹಕ್ಕು ಬ್ಯಾಂಕಿನ ಕೈಯಲ್ಲಿರುತ್ತದೆ. 2018ರ ಫೆಬ್ರವರಿ 5ರಂದು ಅಮೆರಿಕದ ಎಸ್ ಆ್ಯಂಡ್ ಪಿ-500 ಬಿದ್ದದ್ದು ಶೇ 4ರಷ್ಟು. ಆದರೆ ಭಯದ ಸೂಚ್ಯಂಕ ವಿಕ್ಸ್ 17.31ರಿಂದ 37.32ಕ್ಕೆ ಜಿಗಿಯಿತು. ಅದರ ಫ್ಯೂಚರ್ಸ್ ಮೇಲೆ ನಿಂತಿದ್ದ ಎಕ್ಸ್‌ಐವಿ ಎಂಬ ಒಂದುಪಟ್ಟು ಉಲ್ಟಾ ಇಟಿಎನ್ ಒಂದೇ ದಿನದಲ್ಲಿ ಶೇ 90ಕ್ಕೂ ಹೆಚ್ಚು ಮೌಲ್ಯ ಕಳೆದುಕೊಂಡಿತು, ಅದನ್ನು ಹೊರಡಿಸಿದ್ದ ಕ್ರೆಡಿಟ್ ಸ್ವೀಸ್ ಅದನ್ನು ಮುಚ್ಚಿಯೇ ಬಿಟ್ಟಿತು. ಬೆಲೆ ಮತ್ತೆ ಏರುವವರೆಗೆ ಕಾಯುವ ಅವಕಾಶ ಹೂಡಿದವರಿಗೆ ಉಳಿಯಲಿಲ್ಲ. ನಡೆದದ್ದು ಮೆಣಸಿನಕಾಯಿ ವ್ಯಾಪಾರಿಯ ನೇಮವೇ: ಏರಿದ್ದನ್ನು ಸಂಜೆ ಕೊಳ್ಳಲೇಬೇಕು. ಅಂಥ ಫಂಡ್‌ಗಳು ದೊಡ್ಡವಿದ್ದವು, ಸಂತೆ ಚಿಕ್ಕದಿತ್ತು. ಇವು ಕೊಳ್ಳಲು ಬಂದದ್ದೇ ಬೆಲೆ ಇನ್ನಷ್ಟು ಏರಿತು, ಏರಿದ್ದಕ್ಕೆ ಇನ್ನಷ್ಟು ಕೊಳ್ಳಬೇಕಾಯಿತು.

ಎಲ್‌ಆರ್‌ಎಸ್ ಬೇಡ, ಫಾರ್ಮ್ ಬೇಡ, ಇಲ್ಲೇ ಐದುಪಟ್ಟು ಹತ್ತುಪಟ್ಟು ಕೊಡುತ್ತೇವೆ ಎನ್ನುವವರು ಸಿಕ್ಕರೆ ಅದು ಡಬ್ಬಾ ಟ್ರೇಡಿಂಗ್ ಆಗಿರಬಹುದು. ಡಬ್ಬಾ ಎಂದರೆ ಎಕ್ಸ್‌ಚೇಂಜ್‌ಗೆ ಹೋಗದೆ ನಡೆಸುವವನ ವಹಿಯಲ್ಲೇ ಬರೆದುಕೊಳ್ಳುವ ಸಟ್ಟಾ. ಗೆದ್ದರೆ ಕೊಡುವ ಹೊಣೆ ಯಾರದ್ದೂ ಅಲ್ಲ. ಸೆಕ್ಯುರಿಟೀಸ್ ಕಾಂಟ್ರಾಕ್ಟ್ಸ್ ಕಾಯ್ದೆಯಲ್ಲಿ ಇದಕ್ಕೆ 10 ವರ್ಷದವರೆಗೆ ಸೆರೆ ಇದೆ. ಹಣ ಹಾಕುವ ಮುನ್ನ ಯುಪಿಐ ವಿಳಾಸದಲ್ಲಿ ‘@ವ್ಯಾಲಿಡ್’ ಎಂಬ ಇಂಗ್ಲಿಷ್ ಪದ ಇದೆಯೇ ನೋಡಿ. 2025ರ ಅಕ್ಟೋಬರ್‌ನಿಂದ ಸೆಬಿ ನೋಂದಾಯಿತ ಬ್ರೋಕರ್‌ಗಳಿಗೆ, ಮ್ಯೂಚುವಲ್ ಫಂಡ್‌ಗಳಿಗೆ ಆ ಗುರುತು ಕೊಡಲಾಗಿದೆ.

ಬೀಳುವ ಭಯ ಇದ್ದವರಿಗೆ

ಉಲ್ಟಾ ಫಂಡ್ ಹುಡುಕುವ ಬಹುಪಾಲು ಜನ ಜೂಜಿಗೆ ಹೊರಟವರಲ್ಲ. ಧಾರವಾಡದಲ್ಲಿ ನಿವೃತ್ತರಾದ ಮಾಸ್ತರರೊಬ್ಬರ 10 ಲಕ್ಷ ನಿಫ್ಟಿ ಫಂಡ್‌ನಲ್ಲಿದೆ, ಮುಂದಿನ ಎರಡು ತಿಂಗಳ ಬಗ್ಗೆ ಅವರಿಗೆ ಅಂಜಿಕೆ ಇದೆ ಎನ್ನೋಣ. ನಿಫ್ಟಿ ಬಿದ್ದರೆ ಲಾಭ ಕೊಡುವ ಪುಟ್ ಆಪ್ಷನ್ ಕೊಳ್ಳೋಣವೆಂದರೆ ಅದರ ಒಂದು ಲಾಟ್ (ಕನಿಷ್ಠ ಗಾತ್ರದ ಕರಾರು) ಹೊಸ ಕರಾರು ಬಂದಾಗ 15 ಲಕ್ಷಕ್ಕೆ ಕಡಿಮೆ ಇರುವುದಿಲ್ಲ. ಅವರ ಗಂಟಿಗಿಂತ ದೊಡ್ಡ ಕೊಡೆ, ಪ್ರೀಮಿಯಂ ದಿನದಿನಕ್ಕೂ ಕರಗುವಂಥದ್ದು. ನಿಫ್ಟಿಯ ಉಲ್ಟಾ ಫಂಡ್ ಇಲ್ಲಿ ಇದೆ ಎಂದೇ ಹಿಡಿದು, ಹೊಸದಾಗಿ 5 ಲಕ್ಷ ತಂದು ಅದಕ್ಕೆ ಹಾಕಿದರೆ ಅವರ ನಿಫ್ಟಿ ಭಾರ ಮೊದಲ ದಿನಕ್ಕೆ 5 ಲಕ್ಷಕ್ಕೆ ಇಳಿಯುತ್ತದೆ, ಎರಡನೇ ದಿನದಿಂದ ಆ ಅಳತೆ ಸರಿಯುತ್ತಾ ಹೋಗುತ್ತದೆ. ಇರುವುದರಲ್ಲಿ 5 ಲಕ್ಷ ಮಾರಿ ಅಲ್ಪಾವಧಿ ಸಾಲಪತ್ರಗಳ ಲಿಕ್ವಿಡ್ ಫಂಡ್‌ನಲ್ಲಿ ಇಟ್ಟರೂ ಭಾರ ಇಳಿಯುವುದು ಅಷ್ಟೇ. ಸಂಜೆಯ ಲೆಕ್ಕವಿಲ್ಲ, ಸವಕಳಿಯಿಲ್ಲ, ಬಡ್ಡಿ ಅವರ ಕಡೆಗೇ ಬರುತ್ತದೆ. ತೆರುವುದು ಮುಖ್ಯವಾಗಿ ತೆರಿಗೆ: ವರ್ಷ ದಾಟಿದ ಯೂನಿಟ್ ಆದರೆ ಆ ಹಣಕಾಸು ವರ್ಷದ 1.25 ಲಕ್ಷದವರೆಗಿನ ಲಾಭಕ್ಕೆ ಏನೂ ಇಲ್ಲ, ಅದರ ಮೇಲಿನದಕ್ಕೆ ಶೇ 12.5. ಮಾರಿದ 5 ಲಕ್ಷದಲ್ಲಿ ಲಾಭ 2 ಲಕ್ಷ ಇದ್ದರೆ, ಬೇರೆ ಲಾಭ ಏನೂ ಇಲ್ಲದಾಗ, ತೆರಿಗೆ 9,375 ರೂಪಾಯಿ, ಸೆಸ್ ಬೇರೆ. ಮಾರ್ಚ್ ಕೊನೆಗೆ ಅರ್ಧ, ಏಪ್ರಿಲ್ ಮೊದಲ ವಾರ ಅರ್ಧ ಮಾರಿದರೆ ಎರಡು ವರ್ಷದ ವಿನಾಯಿತಿ ಸಿಕ್ಕು ಅದೂ ಉಳಿಯುತ್ತದೆ.